ಚಳಿ ಬಾರದ ಕಾರ್ತಿಕ

ಆ ವರ್ಷ ಕಾರ್ತಿಕ ಬಂದಿತು, ಚಳಿ ಬರಲಿಲ್ಲ. ದೀಪಾವಳಿಯ ಎಣ್ಣೆಸ್ನಾನ ಮಾಡಿದವರು ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಮತ್ತೆ ಬೆವರಿದರು. ಕಂಬಳಿಗಳು ಪೆಟ್ಟಿಗೆಯೊಳಗೇ ಉಳಿದವು. ಬೀದಿಯ ಬೇವಿನ ಮರಗಳು ಯುಗಾದಿ ಬಂದಿತೆಂದು ಭ್ರಮಿಸಿ ಹೂಬಿಟ್ಟವು. ಪೇಟೆಯಲ್ಲಿ ಮಜ್ಜಿಗೆ ಮಾರುವವಳು ಈ ಕಾಲಕ್ಕೆ ಮಡಕೆ ಕವುಚಿಟ್ಟು ಕಡಲೆಕಾಯಿ ಹುರಿಯಲು ಕೂರಬೇಕಿತ್ತು. ಅವಳು ಇನ್ನೊಂದು ಮಡಕೆ ಕೊಂಡಳು. ಊರಿನ ಹೆಚ್ಚಿನವರಿಗೆ ಇದು ಬರಿಯ ಸೆಕೆಯ ಮಾತು. ನನಗೆ ಹಾಗಿರಲಿಲ್ಲ. ನನ್ನ ತೋಟದಲ್ಲಿ ಸೇವಂತಿಗೆಯ ಮೊಗ್ಗುಗಳು ಬಿಗಿದುಕೊಂಡು ಕುಳಿತಿದ್ದವು. ಅವುಗಳಲ್ಲಿ ಒಂದರೊಳಗೆ ನನ್ನ ಮಗನ ಮಾತಿತ್ತು.

ನಮ್ಮೂರಿನಲ್ಲಿ ಯಾರೇ ಸತ್ತರೂ ಅವರ ಹೆಸರಿನಲ್ಲಿ ಹೊಳೆದಂಡೆಯ ತೋಟದಲ್ಲಿ ಒಂದು ಸೇವಂತಿಗೆಯ ಸಸಿ ನೆಡುತ್ತಾರೆ. ಚಳಿಯ ಮೊದಲ ಮುಂಜಾನೆಗೆ ಅದು ಅರಳುತ್ತದೆ. ಅರಳುವ ಗಳಿಗೆಯಲ್ಲಿ ಒಂದು ಕಿವಿ ಹತ್ತಿರವಿದ್ದರೆ, ಹೋದವರು ಆಡದೆ ಉಳಿಸಿಹೋದ ಮಾತನ್ನು ಆ ಕಿವಿಗೆ ಹೇಳಿ ಹೂವು ಕಳಚಿ ಬೀಳುತ್ತದೆ. ಒಂದೇ ಮಾತು, ಒಂದೇ ಕಿವಿ. ಗಂಡನ ಹೂವಿಗೆ ಹೆಂಡತಿಯ ಕಿವಿ, ಹೆಂಡತಿಯ ಹೂವಿಗೆ ಗಂಡನದು. ಅವರಿಲ್ಲದಿದ್ದರೆ ಮಕ್ಕಳು, ಅವರೂ ಇಲ್ಲದಿದ್ದರೆ ಹೆತ್ತವರು. ಮಾತು ಕೇಳುವವರೆಗೆ ಆ ಮನೆಯವರು ಹೊಳೆಯ ಸೇತುವೆ ದಾಟಲಾರರು. ಅಡ್ಡಗಟ್ಟುವವರು ಯಾರೂ ಇರುವುದಿಲ್ಲ. ಸೇತುವೆಯ ನಡುಗಂಬದ ಬಳಿ ಕಾಲು ತಾನಾಗಿಯೇ ನಿಲ್ಲುತ್ತದೆ. ಮನೆಯ ಒಬ್ಬರು ಕೇಳಿದರೆ ಸಾಕು, ಎಲ್ಲರ ಕಾಲಿಗೂ ಬಿಡುಗಡೆ.

ಸಸಿ ನೆಡುವುದು, ನೀರೆರೆಯುವುದು, ಕುಡಿ ಚಿವುಟುವುದು ನನ್ನ ಕೆಲಸ. ನನಗಿಂತ ಮೊದಲು ನನ್ನ ತಾಯಿ, ತಾಯಿಗಿಂತ ಮೊದಲು ಅಜ್ಜಿ ಈ ಕೆಲಸ ಮಾಡಿದವರು. ತೋಟದವಳ ಬೆರಳು ಎಲ್ಲ ಸಸಿಗಳನ್ನೂ ಮುಟ್ಟಬಹುದು, ಕಿವಿ ಯಾವುದನ್ನೂ ಮುಟ್ಟಬಾರದು. ಮೊಗ್ಗು ಬಿರಿಯುವ ಸೂಚನೆ ಕಂಡೊಡನೆ ಕೇಳಬೇಕಾದವರನ್ನು ಕೂಗಿ ಕರೆದು, ನಾವು ಬೇಲಿಯಾಚೆ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು. ಬೇರೆಯವರ ಮಾತನ್ನು ಕದ್ದು ಕೇಳಿದ ತೋಟದವಳು ನಮ್ಮ ವಂಶದಲ್ಲಿ ಇರಲಿಲ್ಲ.

ನನ್ನ ಮಗ ಚಲುವರಾಜ ಗಾರೆ ಕೆಲಸದವನು. ವೈಶಾಖದ ಒಂದು ಬೆಳಿಗ್ಗೆ ಮುದ್ದೆ ಉಂಡು, ಕೈತೊಳೆಯುತ್ತ ಹೆಂಡತಿಗೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಿ ಕೆಲಸಕ್ಕೆ ಹೋದ. ನಡುಹಗಲಿಗೆ ಗೋಡೆಯ ಮೇಲಿಂದ ಬಿದ್ದ. ಮನೆಗೆ ತಂದಾಗ ಉಸಿರಿತ್ತು, ಮಾತಿರಲಿಲ್ಲ. ಅವನ ಹೆಂಡತಿ ನೀಲಾ ಆಚೆ ದಡದ ಹುಡುಗಿ. ರವಿಕೆ ಹೊಲಿಯುತ್ತ ಬೀದಿಯ ಕೊನೆಗೆ ಕೇಳಿಸುವಂತೆ ನಗುತ್ತಿದ್ದವಳು. ಅಂದಿನಿಂದ ಅವಳು ಅಡುಗೆಗೆ ಉಪ್ಪು ಹಾಕುವುದನ್ನು ಬಿಟ್ಟಳು. ನಾನೂ ಕೇಳಲಿಲ್ಲ. ಅತ್ತೆ ಸೊಸೆ ಇಬ್ಬರೂ ಸಪ್ಪೆ ಸಾರು ಉಂಡು ದಿನ ಕಳೆದೆವು. ಗಂಡ ತನಗಾಗಿ ಬಿಟ್ಟುಹೋದ ಕಡೆಯ ಮಾತು ಉಪ್ಪಿನದಾಗಿರಬಾರದು ಎಂಬುದೊಂದೇ ಅವಳ ಆಸೆ. ಅದಕ್ಕೆ ಮೇಲೊಂದು ಮಾತು ಸೇವಂತಿಗೆಯಲ್ಲಿ ಬರಬೇಕಿತ್ತು.

ನವರಾತ್ರಿಯ ಹೊತ್ತಿಗೆ ಸಸಿಗಳಲ್ಲಿ ಮೊಗ್ಗುಗಳು ಕಾಣಿಸುತ್ತವೆ. ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಚಿವುಟುವುದು ಕ್ರಮ. ಎರಡು ಉಳಿದರೆ ಮಾತು ಎರಡಾಗಿ ಒಡೆದು ಯಾವುದೂ ತಿಳಿಯದೆ ಹೋಗುತ್ತದೆ ಎನ್ನುತ್ತಾರೆ. ಚಲುವನ ಸಸಿಯಲ್ಲಿ ಎರಡು ಮೊಗ್ಗುಗಳು ಒಂದೇ ಗಾತ್ರದಲ್ಲಿದ್ದವು. ನೀಲಾ ಬೇಲಿಗೆ ಎದೆಯೊತ್ತಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಅತ್ತೆಮ್ಮ, ಎರಡೂ ಇರ್ಲಿ ಬಿಡಿ. ಒಂದು ನನಗೆ, ಒಂದು ನಿಮಗೆ."

ನನ್ನ ಬೆರಳು ಆ ಕ್ಷಣ ತಡೆದದ್ದು ನಿಜ. ಹೆತ್ತವಳಿಗೆ ಮಗನ ಮಾತಿನ ಮೇಲೆ ಹಕ್ಕಿಲ್ಲವೆಂದು ಕ್ರಮ ಮಾಡಿದವರು ಯಾರೋ, ಅವರಿಗೆ ಮಕ್ಕಳಿದ್ದವೋ ಇಲ್ಲವೋ. ಆದರೂ ಎಡಗಡೆಯ ಮೊಗ್ಗನ್ನು ಚಿವುಟಿ ಮಡಿಲಿಗೆ ಹಾಕಿಕೊಂಡೆ. ಬಲಗಡೆಯದು ಉಳಿಯಿತು. ಎರಡರಲ್ಲಿ ಯಾವುದೆಂದು ಆರಿಸಿದ್ದು ನನ್ನ ಬೆರಳು. ಮುಂದೆ ಅದೆಷ್ಟೋ ಸಲ ಆ ಬೆರಳನ್ನು ನೋಡಿಕೊಂಡಿದ್ದೇನೆ.

ತೋಟದ ಹೊರಗೆ ಹೊಂಗೆಯ ಮರದ ಕೆಳಗೆ ಉದ್ದನೆಯ ಕಲ್ಲುಹಾಸು ಇದೆ. ಮಾತಿಗೆ ಕಾಯುವವರು ಅಲ್ಲಿ ಕೂರುತ್ತಾರೆ. ಬೇರೆ ವರ್ಷಗಳಲ್ಲಿ ಕಾರ್ತಿಕದ ಮೊದಲ ವಾರಕ್ಕೆ ಖಾಲಿಯಾಗುವ ಕಲ್ಲು ಈ ವರ್ಷ ತುಂಬಿಯೇ ಇತ್ತು. ಬಳೆ ಅಂಗಡಿಯ ಗಿರಿಯಪ್ಪ ಹೆಂಡತಿಯ ಹೂವಿಗಾಗಿ ಬೀಸಣಿಗೆ ಹಿಡಿದು ದಿನವೂ ಬರುತ್ತಿದ್ದ.

"ಬದುಕಿದ್ದಾಗ ನನ್ನೋಳು ಉಸಿರು ತಗೊಳ್ಳೋಕೂ ಮಾತು ನಿಲ್ಲಿಸ್ತಿರಲಿಲ್ಲ. ಈಗ ನೋಡಿ, ಒಂದು ಮಾತಿಗೆ ಎಷ್ಟು ಬಿಗುಮಾನ."

"ನಿನ್ನ ಬೈಯೋಕೆ ಒಂದೇ ಮಾತು ಸಾಲಲ್ಲ ಅಂತ ಯೋಚನೆ ಮಾಡ್ತಾ ಇದ್ದಾಳೆ ಕಣಣ್ಣ" ಎಂದು ಪಕ್ಕದವಳು ಅಂದಾಗ ಕಲ್ಲಿನ ಮೇಲಿದ್ದವರೆಲ್ಲ ನಕ್ಕರು. ಗಿರಿಯಪ್ಪನೂ ನಕ್ಕ.

ಕಲ್ಲಿನ ತುದಿಯಲ್ಲಿ ಕೂರುವ ಚೆನ್ನಾಜಮ್ಮ ಮಾತ್ರ ಆ ವರ್ಷದವಳಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಒಮ್ಮೆ ಹೀಗೆಯೇ ಚಳಿಯಿಲ್ಲದ ಕಾರ್ತಿಕ ಬಂದಿತ್ತಂತೆ. ಆಗ ಹೊಸದಾಗಿ ಗಂಡ ಸತ್ತಿದ್ದ ಚೆನ್ನಾಜಮ್ಮನ ಮೊಗ್ಗು ಅರಳದೆ ಒಳಗೇ ಹಾಳಾಗಿ ಹೋಯಿತು. ಅಂದಿನಿಂದ ಅವಳ ಕಾಲು ನಡುಗಂಬ ದಾಟಿಲ್ಲ. ಅವಳ ತವರು ಆಚೆ ದಡದಲ್ಲಿತ್ತು. ತಮ್ಮನ ಮದುವೆಯ ವಾಲಗವನ್ನು ಈ ದಡದಲ್ಲಿ ನಿಂತು ಕೇಳಿದಳು. ತಾಯಿಯ ಚಿತೆಯ ಹೊಗೆಯನ್ನು ಈ ದಡದಲ್ಲಿ ನಿಂತು ನೋಡಿದಳು. ಈಗಲೂ ದಿನಕ್ಕೊಂದು ಸಲ ತಂಬಿಗೆಯಲ್ಲಿ ನೀರು ತಂದು, ಬೇಲಿಯ ಸಂದಿನಿಂದ ಕೈ ತೂರಿಸಿ, ಏನೂ ಇಲ್ಲದ ತನ್ನ ಪಾತಿಗೆ ಹುಯ್ಯುತ್ತಾಳೆ. ಆ ಪಾತಿಯಲ್ಲಿ ಬೇರೆ ಸಸಿ ನೆಡಲು ನನಗೂ ಮನಸ್ಸಾಗಿರಲಿಲ್ಲ.

ಮೀನು ಮಾರಲು ಆಚೆ ದಡದಿಂದ ಬರುವ ಹೆಂಗಸು ಒಂದು ದಿನ ಬುಟ್ಟಿ ಇಳಿಸುವ ಮೊದಲೇ ನೀಲಾಳನ್ನು ವಿಚಾರಿಸಿದಳು. ನೀಲಾಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಗಂಜಿಯೂ ಸೇರುತ್ತಿಲ್ಲ, ಬಾಗಿಲ ಕಡೆ ಮುಖ ಮಾಡಿಕೊಂಡು ಮಲಗಿದ್ದಾಳೆ ಎಂದಳು. ನೀಲಾ ಹೊಲಿಯುತ್ತಿದ್ದ ಬಟ್ಟೆಯನ್ನು ಯಂತ್ರದಲ್ಲಿಯೇ ಬಿಟ್ಟು ಎದ್ದಳು. ಅವಳು ಎಲ್ಲಿಗೆ ಹೋಗುವಳೆಂದು ತಿಳಿದ ನಾನೂ ಹಿಂದೆ ನಡೆದೆ. ನಡುಗಂಬದ ಬಳಿ ಅವಳು ನಿಂತುಬಿಟ್ಟಳು. ಮುಂದಕ್ಕೆ ಬಾಗಿದಳು, ಸೀರೆಯ ನೆರಿಗೆ ಹಿಡಿದು ಎರಡೂ ಕೈಗಳಿಂದ ತನ್ನ ಮೊಣಕಾಲನ್ನು ಎತ್ತಿ ಇಡಲು ನೋಡಿದಳು. ಆಮೇಲೆ ಕುಳಿತು ಅಂಗೈ ಊರಿ ತೆವಳಿದಳು. ಕಾಲು ಬರಲಿಲ್ಲ. ನಾನು ತೋಳು ಹಿಡಿದು ಎತ್ತಿದಾಗ ಅವಳು ಅಳುತ್ತಿರಲಿಲ್ಲ. ಹೂವು ಯಾವಾಗ ಅರಳುತ್ತದೆಂದು ಮಾತ್ರ ಕೇಳಿದಳು. ಚಳಿ ಬಂದಾಗ ಎಂದೆ. ಹಾಗಾದರೆ ಚಳಿಯನ್ನು ತರೋಣ ಎಂದಳು.

ಅಂದಿನಿಂದ ನಾವಿಬ್ಬರೂ ಚಳಿಯನ್ನು ತರಲು ಹೊರಟೆವು. ಸೇವಂತಿಗೆ ಉದ್ದನೆಯ ಕತ್ತಲೆಯನ್ನು ಬಯಸುವ ಗಿಡ. ಹೊತ್ತು ಇಳಿಯುವ ಮೊದಲೇ ಪಾತಿಗಳ ಮೇಲೆ ಕೋಲು ನೆಟ್ಟು ಕರಿಕಂಬಳಿ ಹೊದಿಸಿದೆ, ಬಿಸಿಲು ಬಲಿತ ಮೇಲೆ ತೆಗೆದೆ. ಎಲ್ಲರ ಪಾತಿಗೂ ಒಂದು ಕಂಬಳಿ, ಚಲುವನದಕ್ಕೆ ಎರಡು. ಎಲ್ಲರ ಬುಡಕ್ಕೂ ಒದ್ದೆ ಗೋಣಿತಾಟು, ಚಲುವನದಕ್ಕೆ ಸುತ್ತಲೂ. ನೀಲಾ ಐಸ್‌ಕ್ಯಾಂಡಿ ಮಾಡುವವನ ಮನೆಯಿಂದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ತೋಟ ತಲುಪುವಾಗ ಅರ್ಧ ಕರಗಿ, ಅವಳ ಕೂದಲು, ಬೆನ್ನು, ಸೆರಗು ಎಲ್ಲ ತೊಯ್ದಿರುತ್ತಿತ್ತು. ಬೇಲಿಯ ಮೇಲಿಂದ ಅವಳು ಕೊಟ್ಟ ಗಡ್ಡೆಯನ್ನು ನಾನು ಸಸಿಯ ಸುತ್ತ ಗುಂಡಿ ತೋಡಿ ಇಡುತ್ತಿದ್ದೆ. ಮೀನಿನವಳು ತರುವ ಸುದ್ದಿ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿತ್ತು. ಮೊದಲು ಗಂಜಿಯ ಮಾತಿತ್ತು, ಆಮೇಲೆ ನೀರಿನದು. ಕಡೆಗೆ, ಇನ್ನೂ ಇದ್ದಾಳೆ ಎಂಬುದೊಂದೇ.

ಒಂದು ಮಧ್ಯಾಹ್ನ ಮೊಗ್ಗಿನ ತುದಿಯಲ್ಲಿ ಹಳದಿ ಗೆರೆಯೊಂದು ಕಂಡಂತಾಯಿತು. ನೀಲಾಳನ್ನು ಕೂಗಲು ಬಾಯಿ ತೆರೆದವಳು ತಡೆದು, ಬಿರಿಯುವ ಬಿಗುವು ಬಂದಿದೆಯೇ ಎಂದು ಎರಡು ಬೆರಳುಗಳ ನಡುವೆ ಮೊಗ್ಗನ್ನು ಹಗುರವಾಗಿ ಹಿಡಿದು ನೋಡಿದೆ.

ಬೆರಳುಗಳು ಒಂದನ್ನೊಂದು ಮುಟ್ಟಿದವು. ನಡುವೆ ಏನೂ ಇರಲಿಲ್ಲ.

ಮೊಗ್ಗನ್ನು ಹೊರಳಿಸಿದೆ. ತೊಟ್ಟಿನ ಬಳಿ ಸಾಸಿವೆಯಷ್ಟು ತೂತು. ಅದರ ಬಾಯಲ್ಲಿ ಕರಿಯ ಹಿಕ್ಕೆ. ಮೊಗ್ಗು ಕೊರೆಯುವ ಹುಳು. ಸೆಕೆಯೂ ತೇವವೂ ಕೂಡಿದರೆ ಅದಕ್ಕೆ ಹಬ್ಬ. ಒಂದು ಕಂಬಳಿ ಹೊದ್ದ ಪಾತಿಗಳಿಗೆ ಗಾಳಿಯಾಡುತ್ತಿತ್ತು, ಅವಕ್ಕೆ ಏನೂ ಆಗಿರಲಿಲ್ಲ. ಎರಡು ಕಂಬಳಿ, ಸುತ್ತಲೂ ಒದ್ದೆ ತಾಟು ಹೊದಿಸಿ ನಾನು ನನ್ನ ಮಗನ ಪಾತಿಯನ್ನು ಹುಳುವಿಗೆ ಬಾಣಂತಿಯ ಕೋಣೆಯಂತೆ ಬೆಚ್ಚಗೆ ಇಟ್ಟಿದ್ದೆ. ಚಿವುಟಿದ ಎಡಗಡೆಯ ಮೊಗ್ಗಿನ ಗಾಯ ಅಲ್ಲೇ ಒಣಗಿತ್ತು.

ಎಷ್ಟು ಹೊತ್ತು ಕುಕ್ಕರಗಾಲಿನಲ್ಲಿ ಕುಳಿತಿದ್ದೆನೋ ತಿಳಿಯದು. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಬೇಲಿಯ ಸಂದಿನಿಂದ ನೀರು ಬೀಳುವ ಸಪ್ಪಳ ಕೇಳಿ ತಲೆಯೆತ್ತಿದೆ. ಚೆನ್ನಾಜಮ್ಮ ತಂಬಿಗೆ ಹಿಡಿದು ನನ್ನ ಬೆರಳುಗಳನ್ನು ನೋಡುತ್ತಿದ್ದಳು.

"ನಿಮ್ಮಜ್ಜೀನೂ ಹಿಂಗೇ ಹಿಡ್ಕೊಂಡು ಕೂತಿದ್ಲು. ನಮ್ಮತ್ತೆ ಬೇಲಿ ಪಕ್ಕ ನಿಂತಿದ್ಲು, ಅವಳಿಗೆ ಹೇಳಿದ್ಲು. ನಮ್ಮತ್ತೆ ಬಲು ಸತ್ಯವಂತೆ ಕಣೇ ದೇವೀರಿ. ಮನೆಗೆ ಬಂದು ನನಗೆ ನಿಜ ಹೇಳ್ಬಿಟ್ಲು."

ಅವಳು ತಂಬಿಗೆಯನ್ನು ಕವುಚಿ ಕಡೆಯ ಹನಿಯನ್ನೂ ಪಾತಿಗೆ ಕೊಡವಿದಳು.

"ಕಾಲು ಅವತ್ತೇ ಪೂರ್ತಿ ಸೋತಿದ್ದು."

ಇಷ್ಟು ಹೇಳಿ ಹೋಗಿ ಕಲ್ಲಿನ ತುದಿಯಲ್ಲಿ ಕುಳಿತಳು. ಹೊಳೆಯ ಕಡೆಗೆ ಮುಖ ಮಾಡಿ ಕುಳಿತ ಆ ಬೆನ್ನನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅಂದು ಆ ಬೆನ್ನಿನ ಮೇಲೆ ನೀಲಾಳ ಜಡೆ ಇದ್ದಂತೆ ಕಂಡಿತು.

ನಿಜವನ್ನು ಹೇಳಿದರೆ ಸೊಸೆ ಆ ಕಲ್ಲಿನವಳಾಗುತ್ತಾಳೆ. ಅವಳ ತಾಯಿ ಬಾಗಿಲು ನೋಡುತ್ತಲೇ ಹೋಗುತ್ತಾಳೆ. ಹೂವು ಅರಳಿತೆಂದು ಅವಳನ್ನು ಕರೆದು ಕೂರಿಸುವಂತಿಲ್ಲ. ಪೊಳ್ಳು ಮೊಗ್ಗಿಗೆ ಕಿವಿಯಿಟ್ಟವಳಿಗೆ ಪೊಳ್ಳೇ ಕೇಳಿಸೀತು. ಉಳಿದ ದಾರಿ ಒಂದೇ. ಮನೆಯ ಒಬ್ಬರು ಕೇಳಿದ್ದಾರೆ ಎಂದು ಅವಳು ನಂಬಬೇಕು. ಮನೆಯಲ್ಲಿ ಇದ್ದವರು ಇಬ್ಬರೇ.

ಮರುದಿನ ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೋಗಿ, ಮೊಗ್ಗನ್ನು ತೊಟ್ಟಿನವರೆಗೆ ಕಿತ್ತು, ಪಾತಿಯಲ್ಲಿಯೇ ಹೂತು ಮಣ್ಣು ಸರಿಪಡಿಸಿದೆ. ಮಾತಾಡಿ ಮುಗಿಸಿದ ಹೂವನ್ನು ತೋಟದವಳು ಹೂಳುವುದು ಹಾಗೆಯೇ. ಬೋಳು ತೊಟ್ಟಿನ ಮುಂದೆ ಕುಳಿತು ಕಾದೆ. ಕಲ್ಲಿನ ಮೇಲೆ ಒಬ್ಬೊಬ್ಬರಾಗಿ ಬಂದು ಸೇರಿದರು. ನೀಲಾ ಮಂಜುಗಡ್ಡೆ ಹೊತ್ತು ಬಂದಳು. ಬೇಲಿಯ ಬಳಿ ಬಂದವಳ ಕಣ್ಣು ಮೊದಲು ನನ್ನ ಮೇಲೆ, ಆಮೇಲೆ ತೊಟ್ಟಿನ ಮೇಲೆ ಬಿದ್ದಿತು.

"ಅರಳ್ತಾ?"

"ಅರಳ್ತು."

"ಯಾವಾಗ?"

"ಈಗ, ಬೆಳಕು ಹರಿಯೋ ಹೊತ್ಗೆ. ನೀನು ನಿನ್ನೆ ತಂದಿದ್ದ ಗಡ್ಡೆಯ ತಂಪಿಗೆ."

"ಕರೀಲಿಲ್ಲ ನೀವು."

"ಕರೀಲಿಲ್ಲ" ಎಂದೆ. "ನಾನು ಹೆತ್ತೋಳು ಕಣವ್ವ. ತಡ್ಕೊಳ್ಳೋಕೆ ಆಗ್ಲಿಲ್ಲ. ಕಿವಿ ಇಟ್ಟುಬಿಟ್ಟೆ."

ಗಿರಿಯಪ್ಪನ ಬೀಸಣಿಗೆ ನಿಂತಿತು. ನೀಲಾ ತಲೆಯ ಮೇಲಿನ ಗಡ್ಡೆಯನ್ನು ಎಸೆಯಲಿಲ್ಲ. ಬಗ್ಗಿ, ಒಡೆದೀತೆಂಬಂತೆ ಮೆಲ್ಲಗೆ ನೆಲಕ್ಕಿಟ್ಟಳು. ಅದರ ನೀರು ನಮ್ಮಿಬ್ಬರ ನಡುವೆ ಬೇಲಿಯ ಕೆಳಗಿನಿಂದ ಹರಿದು ಬಂದು ನನ್ನ ಪಾದವನ್ನು ಮುಟ್ಟಿತು.

"ನನಗೆ ಅಂತ ಇದ್ದಿದ್ದು ಅದೊಂದೇ ಅತ್ತೆಮ್ಮ. ನಿಮಗೆ ಅವರ ತೊಟ್ಟಿಲಿತ್ತು, ಬಾಲ್ಯವಿತ್ತು, ಬೈದಿದ್ದು ಮುದ್ದಾಡಿದ್ದು ಎಲ್ಲಾ ಇತ್ತು. ನನಗಿದ್ದಿದ್ದು ಬರೀ ಉಪ್ಪು. ಅದರ ಮೇಲೊಂದು ಮಾತು ಇಸ್ಕೊಳ್ಳೋಣ ಅಂತಿದ್ದೆ. ಅದನ್ನೂ ಕದ್ರಲ್ಲ."

ಕಲ್ಲಿನ ಮೇಲಿಂದ ಯಾರೋ ಥೂ ಎಂದು ಉಗಿದದ್ದು ಕೇಳಿಸಿತು. ಅದಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಆದರೆ ಸೊಸೆ ಮುಂದೆ ಕೇಳಿದ್ದಕ್ಕೆ ಸಿದ್ಧಳಾಗಿರಲಿಲ್ಲ. ಕದ್ದೆನೆಂದು ಹೇಳುವುದನ್ನು ಹಿಂದಿನ ದಿನವಿಡೀ ಮನಸ್ಸಿನಲ್ಲಿ ಕಟ್ಟಿಕೊಂಡವಳು, ಕದ್ದದ್ದು ಏನೆಂದು ಕಟ್ಟಿಕೊಂಡಿರಲಿಲ್ಲ.

"ಏನಂದ್ರು?"

ಅವಳ ಮೇಲುತುಟಿಯ ಮೇಲೆ ಬೆವರಿತ್ತು. ಎಂಥ ಮಾತು ಹೇಳಿದರೂ ಅವಳು ಅದನ್ನು ಜೀವವಿರುವವರೆಗೆ ಮಗ್ಗುಲು ಬದಲಿಸಿ ಬದಲಿಸಿ ನೋಡುವಳೆಂದು ತಿಳಿದಿತ್ತು. ಚಲುವ ಅಂಥ ದೊಡ್ಡ ಮಾತಿನವನಲ್ಲ. ನಾನು ಕಟ್ಟಿದ ಮಾತಿನಲ್ಲಿ ಅವನು ಹಿಡಿಸುತ್ತಿರಲಿಲ್ಲ.

"ನಿನ್ನ ಹೆಸರು ಕರೆದ" ಎಂದೆ.

"ಅಷ್ಟೇನಾ?"

"ಅಷ್ಟೇ."

"ಹೆಂಗೆ ಕರೆದ್ರು?"

ಚಲುವ ಸಂಜೆ ಕೆಲಸ ಮುಗಿಸಿ ಬಂದವನು ಬೀದಿಯ ನಲ್ಲಿಯಲ್ಲಿ ಕೈಕಾಲಿನ ಸುಣ್ಣ ತೊಳೆದುಕೊಳ್ಳುತ್ತ, ಗೇಟು ತೆಗೆಯುವ ಮೊದಲೇ ಹೆಂಡತಿಯನ್ನು ಕೂಗುತ್ತಿದ್ದ. ಮೊದಲ ಅಕ್ಷರವನ್ನು ತಗ್ಗಿನಲ್ಲಿ ಎಳೆದು, ಹೊಸ್ತಿಲಲ್ಲಿ ನಿಂತಂತೆ ಒಂದು ಗಳಿಗೆ ನಿಲ್ಲಿಸಿ, ಆಮೇಲೆ ಎರಡನೆಯದನ್ನು ಮೇಲಕ್ಕೆ ಎತ್ತಿ ಬಿಡುತ್ತಿದ್ದ. ಒಳಗೆ ಒಲೆಯ ಮುಂದೆ ಕುಳಿತ ನನಗೆ, ಅವ್ವನನ್ನು ಮೊದಲು ಕರೆಯಬಾರದೇ ಎಂದು ದಿನವೂ ಚುರ್ರೆನ್ನುತ್ತಿತ್ತು. ಹೊಟ್ಟೆಕಿಚ್ಚಿನಿಂದ ಕೇಳಿದ ದನಿಯನ್ನು ಯಾರೂ ಮರೆಯುವುದಿಲ್ಲ. ಕಣ್ಣುಮುಚ್ಚಿದೆ.

"ನೀ... ಲಾ."

ಬಂದದ್ದು ನನ್ನ ದನಿಯಲ್ಲ. ಗಂಟಲು ನನ್ನದೇ. ಆದರೆ ಒಳಗೆ ಸುಣ್ಣದ ಒರಟಿತ್ತು, ದಣಿವಿತ್ತು, ಮನೆಗೆ ಬಂದೆನೆಂಬ ನೆಮ್ಮದಿಯಿತ್ತು. ಕಣ್ಣು ತೆರೆದಾಗ ನೀಲಾ ತೋಟದ ಗೇಟಿನ ಕಡೆಗೆ ತಿರುಗಿಬಿಟ್ಟಿದ್ದಳು.

"ಬಂದೆ" ಎಂದಳು.

ಸಂಜೆಯ ಹೊತ್ತು ಹೊಲಿಗೆಯ ಯಂತ್ರದ ಮುಂದಿನಿಂದ ಏಳುತ್ತ ಅವಳು ಹೇಳುತ್ತಿದ್ದುದೇ ಹಾಗೆ. ಹೇಳಿದ ಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಯಾರನ್ನೂ ನೋಡದೆ ಮನೆಯ ಕಡೆ ನಡೆದಳು.

ತೋಟದ ಹಿರಿಯರಾದ ಗುರುಶಾಂತಪ್ಪನವರು ಗಂಟೆ ಕಳೆಯುವುದರೊಳಗೆ ಬಂದರು. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ನನ್ನ ಅಜ್ಜಿಯ ಹೆಸರು ಹೇಳಿ, ನನ್ನ ತಾಯಿಯ ಹೆಸರು ಹೇಳಿ, ಆಮೇಲೆ ಕೈ ಚಾಚಿದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟೆ. ಗಂಡನ ಹೂವಿಗೆ ಕಾಯುತ್ತಿದ್ದ ಒಬ್ಬ ಹುಡುಗಿ ನಾನು ಗೇಟಿನಿಂದ ಹೊರಬರುವಾಗ ಸೆರಗು ಸೋಕದಂತೆ ಸರಿದು ನಿಂತಳು.

ಮನೆಯಲ್ಲಿ ನೀಲಾ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ನಾನು ಅಡುಗೆ ಮನೆಗೆ ಹೋಗಿ ಅನ್ನ ಬಸಿದು ಮೊಸರು ಕಲಸಿದೆ. ದಾರಿಗೆ ಹೊರಟವರಿಗೆ ಬುತ್ತಿ ಕಟ್ಟಬೇಕೆಂಬುದನ್ನು ಕೈಗಳು ಯಾರ ಜಗಳಕ್ಕೂ ಮರೆಯುವುದಿಲ್ಲ. ತಿಂಗಳುಗಟ್ಟಲೆ ಮುಟ್ಟದಿದ್ದ ಉಪ್ಪಿನ ಜಾಡಿಯ ಮುಚ್ಚಳ ಬಿಗಿದುಕೊಂಡಿತ್ತು. ಬಡಿದು ತೆಗೆದು ಒಂದು ಚಿಟಿಕೆ ಹಾಕಿದೆ. ಬಾಳೆ ಎಲೆಯಲ್ಲಿ ಕಟ್ಟುವಷ್ಟರಲ್ಲಿ ಹೊರಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಹೇಳದೆಯೇ ಹೋಗಿದ್ದಳು.

ಬುತ್ತಿ ಹಿಡಿದು ಓಡಿದೆ. ಅವಳು ಸೇತುವೆಯ ಮೇಲಿದ್ದಳು. ಟ್ರಂಕು ಕೈ ಬದಲಿಸುತ್ತ ನಡುಗಂಬವನ್ನು ಸಮೀಪಿಸಿದಾಗ ನಾನು ಓಟ ನಿಲ್ಲಿಸಿದೆ. ಅವಳ ನಡಿಗೆಯೂ ಒಂದು ಸಲ ತಡೆಯಿತು. ಬಲಗಾಲನ್ನು ಮುಂದಿಟ್ಟಳು. ಎಡಗಾಲು ಅದರ ಹಿಂದೆ ಬಂದಿತು. ಕಂಬ ಅವಳ ಬೆನ್ನಿಗೆ ಹೋಯಿತು. ಆ ಸಂತೋಷಕ್ಕೆ ಮೈಮರೆತು ಕೂಗುತ್ತ, ಬುತ್ತಿ ಎತ್ತಿ ತೋರಿಸುತ್ತ ನಾನೂ ಸೇತುವೆಯ ಮೇಲೆ ಓಡಿದೆ.

ನಡುಗಂಬದ ಬಳಿ ನನ್ನ ಕಾಲು ನಿಂತಿತು.

ಎಂಥ ತಪ್ಪು ಮಾಡಿದೆನೆಂದು ಆಗ ತಿಳಿಯಿತು. ಮಾತು ಕೇಳಿದವಳ ಕಾಲು ಇಲ್ಲಿ ನಿಲ್ಲಬಾರದು. ನೀಲಾ ತಿರುಗಿದ್ದಳು. ಮರಳಬೇಕೆಂದರೆ ಅವಳ ಕಣ್ಣೆದುರೇ ಮರಳಬೇಕು. ಕಟಕಟೆಗೆ ಒರಗಿ, ಹೊಳೆ ನೋಡಲು ನಿಂತವಳಂತೆ ಮುಖ ಅತ್ತ ಮಾಡಿದೆ. ಅವಳು ಟ್ರಂಕನ್ನು ಅಲ್ಲೇ ಇಟ್ಟು ಹಿಂದಕ್ಕೆ ನಡೆದು ಬರುತ್ತಿದ್ದಳು. ಬರಬೇಡವೆಂದು ಹೇಳುವುದೂ ಹೇಗೆ? ನನ್ನಿಂದ ಒಂದು ಮಾರು ದೂರದಲ್ಲಿ ನಿಂತು ನನ್ನ ಪಾದಗಳನ್ನು ನೋಡಿದಳು.

"ಇಲ್ಲೇ ನಿಂತ್ಬಿಟ್ರಲ್ಲ."

"ಮಂಡಿ ನೋವು ಕಣವ್ವ."

ಬುತ್ತಿಗಾಗಿ ಕೈ ಚಾಚಿದಳು. ಅದನ್ನು ಅವಳ ಕೈಯಲ್ಲಿಡಲು ನಾನು ಸೊಂಟದಿಂದ ಮೇಲೆ ಮಾತ್ರ ಬಾಗಿದೆ.

"ಉಪ್ಪು ಹಾಕಿದ್ದೀರಾ?"

"ಹಾಕಿದ್ದೀನಿ."

ಅವಳು ಬಗ್ಗಿ ನನ್ನ ಪಾದ ಮುಟ್ಟಿದಳು. ಊರಿಗೆ ಹೊರಟ ಸೊಸೆ ಅತ್ತೆಯ ಕಾಲಿಗೆ ಬೀಳುವುದು ಇದ್ದದ್ದೇ. ಆದರೆ ಅವಳ ಕೈ ಮುಟ್ಟಿ ಹಿಂದೆ ಸರಿಯಲಿಲ್ಲ. ಎರಡೂ ಪಾದಗಳ ಮೇಲೆ ಅಂಗೈಗಳನ್ನು ಇಟ್ಟು, ಮೊಗ್ಗನ್ನು ಹಿಡಿದು ನೋಡುವ ಹಾಗೆ ಬೆರಳುಗಳಿಂದ ಹಗುರವಾಗಿ ಒತ್ತಿ ನೋಡಿದಳು. ಎದ್ದಾಗ ಅವಳ ಮುಖದಲ್ಲಿ ಬೆಳಗಿನ ಕೋಪವಿರಲಿಲ್ಲ. ಅಲ್ಲಿದ್ದುದನ್ನು ನೋಡಲಾರದೆ ನಾನು ಹೊಳೆಯನ್ನೇ ನೋಡಿದೆ.

"ಬಿಸಿಲು ಜೋರಾಗಿದೆ. ಮನೆಗೆ ಹೋಗಿ ಅತ್ತೆಮ್ಮ" ಎಂದಳು. ಆಚೆ ದಡದ ಕಡೆಗೆ ತಿರುಗಿದಳು.

ಅವಳಿಗೆ ತಿಳಿದುಹೋಗಿದೆ, ಇನ್ನು ಕಾಲು ಸೋಲುತ್ತದೆ ಎಂದುಕೊಂಡೆ. ಕಟಕಟೆಯ ಕಲ್ಲನ್ನು ಉಗುರು ನೋಯುವಂತೆ ಹಿಡಿದೆ. ಅವಳು ಒಂದು ಗಳಿಗೆ ನಿಂತಳು, ನನ್ನ ಮಗ ಅವಳ ಹೆಸರಿನ ನಡುವೆ ನಿಲ್ಲುತ್ತಿದ್ದಷ್ಟೇ ಹೊತ್ತು. ಆಮೇಲೆ ನಡೆದಳು. ಟ್ರಂಕನ್ನು ಎತ್ತಿಕೊಂಡಳು. ಆಚೆ ದಡದ ಬಿದಿರು ಮೆಳೆಯ ಹಿಂದೆ ಅವಳ ಸೀರೆಯ ಬಣ್ಣ ಮರೆಯಾಗುವವರೆಗೆ ಅವಳ ಕಾಲು ಎಲ್ಲಿಯೂ ತಪ್ಪಲಿಲ್ಲ.

ಅವಳು ಹೋದಾಗ ತಾಯಿಗೆ ಜೀವವಿತ್ತೆಂದೂ ಮಗಳ ಕೈಯಿಂದ ಎರಡು ತುತ್ತು ಮೊಸರನ್ನ ತಿಂದಳೆಂದೂ ಮೀನಿನವಳು ಬಂದು ಹೇಳಿದಳು. ಅದರ ಮಾರನೆಯ ವಾರ ಚಳಿ ಬಿದ್ದಿತು. ಬೇಲಿಯ ಹೊರಗಿನ ಕಲ್ಲುಹಾಸಿನ ಮೇಲೆ ಚೆನ್ನಾಜಮ್ಮನ ಪಕ್ಕದಲ್ಲಿ ಕುಳಿತು, ತೋಟದೊಳಗೆ ಹೂಗಳು ಒಂದೊಂದಾಗಿ ಅರಳುವುದನ್ನು ನೋಡಿದೆ. ಗಿರಿಯಪ್ಪ ಒದ್ದೆಗಣ್ಣಿನಿಂದ ಹೊರಬಂದು, ಅಟ್ಟದ ಮೇಲಿನ ಬೆಲ್ಲಕ್ಕೆ ಇರುವೆ ಹತ್ತಿದೆ ನೋಡಿ ಅಂದಳು ಎಂದು ಎಲ್ಲರಿಗೂ ಹೇಳುತ್ತ, ನಗುತ್ತ, ನಿಲ್ಲದೆ ಮನೆಗೆ ಓಡಿದ. ಮಧ್ಯಾಹ್ನಕ್ಕೆ ಕಲ್ಲು ಖಾಲಿಯಾಯಿತು. ಚೆನ್ನಾಜಮ್ಮ ತನ್ನ ಪಾತಿಗೆ ಹುಯ್ದು, ಅರ್ಧ ನೀರು ಉಳಿದ ತಂಬಿಗೆಯನ್ನು ನನ್ನ ಕಡೆ ಸರಿಸಿದಳು. ಬೇಲಿಯ ಸಂದಿನಿಂದ ಕೈ ತೂರಿಸಿ ಚಲುವನ ಪಾತಿಗೆ ಹುಯ್ದೆ.

ಸಂಜೆಯ ಹೊತ್ತು ಮನೆಯ ಗೇಟಿನ ಬಳಿ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು, ನೀಲಾಳ ಹೆಸರನ್ನು ಅವನು ಕೂಗುತ್ತಿದ್ದಂತೆ ಕೂಗಿ ನೋಡಿದ್ದೇನೆ. ತಗ್ಗಿನಲ್ಲಿ ಎಳೆದು, ನಿಲ್ಲಿಸಿ, ಮೇಲಕ್ಕೆ ಎತ್ತಿ. ಬರುವುದು ಒಬ್ಬ ಮುದುಕಿಯ ದನಿ. ಅವನ ದನಿ ನನ್ನೊಳಗೆ ಒಂದು ಸಲಕ್ಕಾಗುವಷ್ಟೇ ಇತ್ತು. ಅದನ್ನು ನಾನು ಕೊಟ್ಟಾಗಿತ್ತು.